ಫಾರ್ಮ್.ಡಿ ಆದ ಮೇಲೆ ರೆಸಿಡೆನ್ಸಿ: ಅಮೆರಿಕಕ್ಕೇ ಹೋಗಬೇಕಾ, ಬೆಟಗೇರಿ ಅಂಗಡಿಯಲ್ಲೂ ಕಲಿಯಬಹುದಾ?

ಪ್ರಶ್ನೆ: ನಾನು ಗದಗ-ಬೆಟಗೇರಿಯವಳು. ಹುಬ್ಬಳ್ಳಿಯಲ್ಲಿ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಓದುತ್ತಿದ್ದೇನೆ, ಈಗ ಆರನೇ ವರ್ಷದ ಇಂಟರ್ನ್‌ಶಿಪ್ ನಡೆದಿದೆ. ಬೆಟಗೇರಿಯಲ್ಲಿ ಅಪ್ಪನ ಮೆಡಿಕಲ್ ಶಾಪ್ ಇದೆ. ಅಮೆರಿಕದಲ್ಲಿ ಡಿಗ್ರಿ ಮುಗಿದ ಮೇಲೆ ಫಾರ್ಮಸಿಸ್ಟ್‌ಗಳಿಗೆ ಒಂದು ವರ್ಷದ ರೆಸಿಡೆನ್ಸಿ, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ, ಇರುತ್ತದಂತೆ. ಅದರಲ್ಲೂ ಕಮ್ಯುನಿಟಿ ಫಾರ್ಮಸಿಯಲ್ಲಿ, ಅಂದರೆ ಊರಿನ ಮೆಡಿಕಲ್ ಶಾಪಿನಂಥ ಕಡೆ ಕುಳಿತು ಸ್ಪೆಷಾಲಿಟಿ ಔಷಧಗಳ ತರಬೇತಿ ಕೊಡುತ್ತಾರಂತೆ. ನಮ್ಮ ಸೀನಿಯರ್ ಒಬ್ಬರು ಅದಕ್ಕೇ ಪ್ರಯತ್ನ ಮಾಡು ಅನ್ನುತ್ತಾರೆ. ಅಪ್ಪ ಮಾತ್ರ "ಅಂಗಡಿ ಯಾರು ನೋಡಬೇಕು?" ಅಂತ ಕೇಳುತ್ತಾರೆ. ಅಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ನನ್ನಂಥವರಿಗೆ ಸೀಟು ಸಿಗುತ್ತಾ? ಇಲ್ಲೇ ಅಂಥದ್ದು ಏನಾದರೂ ಇದೆಯಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದು ಬೇಗ ಮುಗಿಯುತ್ತದೆ. ಇಲ್ಲಿ ಅಂಥದ್ದಿಲ್ಲ. ಎಂಬಿಬಿಎಸ್ ಆದವರಿಗೆ ಎಂಡಿ, ಎಂಎಸ್ ಇದ್ದ ಹಾಗೆ ಫಾರ್ಮಸಿಸ್ಟ್‌ಗಳಿಗೆ ರೆಸಿಡೆನ್ಸಿ ಅನ್ನುವ ಹಂತವನ್ನು ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ಇಟ್ಟಿಲ್ಲ. 2008ರಲ್ಲಿ ಫಾರ್ಮ್.ಡಿ ನಿಯಮ ಬಂದಾಗ ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಅಂತ ಮಾಡಿದರು. ಆ ಒಂದು ವರ್ಷ ಹೇಗೆ ಹೋಗುತ್ತದೆ ಅಂತ ನಿಮಗೇ ಗೊತ್ತು: ಆರು ತಿಂಗಳು ಜನರಲ್ ಮೆಡಿಸಿನ್, ಆಮೇಲೆ ಬೇರೆ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು. ಪೂರ್ತಿ ವಾರ್ಡಿನಲ್ಲೇ. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತು ಕಲಿಯುವುದಕ್ಕೆ ಅದರಲ್ಲಿ ಜಾಗವೇ ಇಲ್ಲ. ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳು ಕ್ಲಿನಿಕಲ್ ಫಾರ್ಮಸಿ ಟ್ರೇನಿಗಳನ್ನು ತಗೊಂಡು ಅದಕ್ಕೆ ರೆಸಿಡೆನ್ಸಿ ಅಂತಲೋ ಫೆಲೋಶಿಪ್ ಅಂತಲೋ ಹೆಸರಿಡುತ್ತವೆ. ಚೆನ್ನಾಗಿ ಕಲಿಸುವ ಕಡೆ ಒಳ್ಳೆಯದೇ. ಆದರೆ ಆ ಸರ್ಟಿಫಿಕೇಟಿಗೆ ಬೆಲೆ ಬರುವುದು ಆ ಆಸ್ಪತ್ರೆಯ ಹೆಸರಿನಿಂದ, ಕೌನ್ಸಿಲ್‌ನಿಂದಲ್ಲ.

ಎಂ.ಫಾರ್ಮ್ ಫಾರ್ಮಸಿ ಪ್ರಾಕ್ಟೀಸ್ ಇದೆಯಲ್ಲ ಅನ್ನಬಹುದು. ಇದೆ, ಎರಡು ವರ್ಷದ್ದು. 90ರ ದಶಕದ ಕೊನೆಗೆ ಮೈಸೂರು ಮತ್ತು ಊಟಿಯ ಜೆಎಸ್‌ಎಸ್ ಕಾಲೇಜುಗಳಲ್ಲಿ ಶುರುವಾದ ಆ ಕೋರ್ಸು ನಮ್ಮಲ್ಲಿ ಕ್ಲಿನಿಕಲ್ ಫಾರ್ಮಸಿಗೆ ದಾರಿ ಮಾಡಿಕೊಟ್ಟಿತು. ಆದರೆ ಅದು ಓದು, ಪರೀಕ್ಷೆ, ಥೀಸಿಸ್. ಆರು ವರ್ಷ ಓದಿ ಬಂದ ನಿಮಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಮುಂದೆ ಕಾಲೇಜಿನಲ್ಲಿ ಪಾಠ ಮಾಡಬೇಕು ಅಂತಿದ್ದರೂ ಫಾರ್ಮ್.ಡಿಗೆ ಅಲ್ಲಿ ದಾರಿ ಇದೆ.

ಈಗ ಅಮೆರಿಕದ ಮಾತು. ಅಲ್ಲಿ ಫಾರ್ಮ್.ಡಿ ಆದವರಿಗೆ ಮೊದಲ ವರ್ಷದ ರೆಸಿಡೆನ್ಸಿ ಅಂತ ಇದೆ. ಪಿಜಿವೈ-1 ಅನ್ನುತ್ತಾರೆ. ಅದರಲ್ಲಿ ಒಂದು ಬಗೆ ಕಮ್ಯುನಿಟಿ ಫಾರ್ಮಸಿಯದು. ಇದಕ್ಕೆ ಮಾನ್ಯತೆ ಕೊಡುವುದು ಎಎಸ್‌ಎಚ್‌ಪಿ ಅನ್ನುವ ಫಾರ್ಮಸಿಸ್ಟರ ಸಂಘ, ಎಪಿಎಚ್‌ಎ ಅನ್ನುವ ಇನ್ನೊಂದು ಸಂಘದ ಜೊತೆ ಸೇರಿ. ಅಂದರೆ ಇದು ಸರ್ಕಾರ ಕಡ್ಡಾಯ ಮಾಡಿದ್ದಲ್ಲ. ರೆಸಿಡೆನ್ಸಿ ಇಲ್ಲದೆಯೂ ಅಲ್ಲಿ ಲೈಸೆನ್ಸ್ ತಗೊಂಡು ಕೆಲಸ ಮಾಡಬಹುದು, ಬಹಳಷ್ಟು ಜನ ಹಾಗೇ ಮಾಡುತ್ತಾರೆ. ಈ 12 ತಿಂಗಳು ಸಿಗುವ ಸ್ಟೈಪೆಂಡ್ ಫಾರ್ಮಸಿಸ್ಟ್ ಸಂಬಳದ ಅರ್ಧವೂ ಇರುವುದಿಲ್ಲ ಅಂದುಕೊಳ್ಳಿ. ಆದರೂ ಜನ ಕ್ಯೂ ನಿಲ್ಲುತ್ತಾರೆ. ಆಸ್ಪತ್ರೆಯ ಒಳ್ಳೆಯ ಹುದ್ದೆಗಳು, ಕ್ಲಿನಿಕ್‌ನಲ್ಲಿ ಡಾಕ್ಟರ ಜೊತೆ ಕೂತು ಮಾಡುವ ಕೆಲಸಗಳು ರೆಸಿಡೆನ್ಸಿ ಮಾಡಿದವರಿಗೇ ಮೊದಲು ಹೋಗುತ್ತವೆ.

ಸ್ಪೆಷಾಲಿಟಿ ಔಷಧ ಅಂದರೆ ಯಾವುದು? ಗಟ್ಟಿ ಗೆರೆ ಹಾಕಿ ಹೇಳುವುದು ಕಷ್ಟ. ಬೆಲೆ ಬಹಳ, ಜೋಪಾನವಾಗಿ ಇಡಬೇಕು, ತಗೊಳ್ಳುವ ರೀತಿ ತಪ್ಪಿದರೆ ಅಪಾಯ, ಮೇಲಿಂದ ಮೇಲೆ ರಕ್ತ ಪರೀಕ್ಷೆ ಬೇಕು. ಇವುಗಳಲ್ಲಿ ಎರಡು ಮೂರು ಸೇರಿದರೆ ಅದು ಸ್ಪೆಷಾಲಿಟಿ. ಬಾಯಿಂದ ತಗೊಳ್ಳುವ ಕ್ಯಾನ್ಸರ್ ಗುಳಿಗೆಗಳು, ಸಂಧಿವಾತಕ್ಕೆ ಅಡಾಲಿಮುಮ್ಯಾಬ್ ತರಹದ ಇಂಜೆಕ್ಷನ್ ಪೆನ್ನುಗಳು, ಕಿಡ್ನಿ ಕಸಿ ಆದವರ ಟ್ಯಾಕ್ರೋಲಿಮಸ್, ಹೆಪಟೈಟಿಸ್ ಸಿ, ಎಚ್‌ಐವಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಔಷಧಗಳು. ತಗೊಳ್ಳುವವರು ಕಡಿಮೆ ಜನ. ಆದರೆ ಅಮೆರಿಕದ ಒಟ್ಟು ಔಷಧ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಇವಕ್ಕೇ ಹೋಗುತ್ತದೆ.

ಬೆಲೆ ಎಷ್ಟು ಆಟ ಆಡಿಸುತ್ತದೆ ಅನ್ನುವುದಕ್ಕೆ ಹೆಪಟೈಟಿಸ್ ಸಿ ನೋಡಿ. 2013ರ ಕೊನೆಗೆ ಸೊಫೊಸ್ಬುವಿರ್ ಅಮೆರಿಕದ ಮಾರುಕಟ್ಟೆಗೆ ಬಂದಾಗ ಒಂದು ಗುಳಿಗೆಗೆ 1,000 ಡಾಲರ್, 12 ವಾರದ ಕೋರ್ಸಿಗೆ 84,000 ಡಾಲರ್. ಇಲ್ಲಿ 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಅದೇ ಔಷಧ ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ. ಹಾಗಾಗಿ ಅಲ್ಲಿನ ಸ್ಪೆಷಾಲಿಟಿ ಫಾರ್ಮಸಿಸ್ಟ್ ದಿನದ ಒಂದು ದೊಡ್ಡ ಪಾಲು ಇನ್ಶೂರೆನ್ಸ್ ಕಂಪನಿಯ ಅನುಮತಿ ತರಿಸುವುದರಲ್ಲೇ ಕಳೆಯುತ್ತಾರೆ. ಫಾರ್ಮ್ ತುಂಬು, ಫ್ಯಾಕ್ಸ್ ಮಾಡು, ಇಲ್ಲ ಅಂದರೆ ಮೇಲ್ಮನವಿ ಬರೆ, ರೋಗಿ ಕೈಯಿಂದ ಕಟ್ಟಬೇಕಾದ ಪಾಲಿಗೆ ನೆರವು ಹುಡುಕು. ನಿಮ್ಮ ಸೀನಿಯರ್ ಇದನ್ನು ಹೇಳಿದ್ದಾರೋ ಇಲ್ಲವೋ, ನಾನು ಹೇಳಿಬಿಡುತ್ತೇನೆ. ಅಷ್ಟು ದೂರ ಹೋಗಿ ಕಲಿಯುವುದರಲ್ಲಿ ಕಾಲು ಭಾಗವಾದರೂ ಗದಗಿನಲ್ಲಿ ಎಂದೂ ಉಪಯೋಗಕ್ಕೆ ಬರದ ಕಾಗದಪತ್ರದ ಕೆಲಸ.

ಹಾಗಾದರೆ ಬಂಗಾರದಂಥ ಪಾಲು ಯಾವುದು? ನನ್ನ ಲೆಕ್ಕದಲ್ಲಿ ಎರಡು.

ಒಂದು, ಕಲಿಸುವ ರೀತಿ. ರೆಸಿಡೆಂಟ್‌ಗೆ ಒಬ್ಬರು ಪ್ರಿಸೆಪ್ಟರ್ ಇರುತ್ತಾರೆ. ಅವರು ಮೊದಲು ವಿಷಯ ಹೇಳಿಕೊಡುತ್ತಾರೆ. ಆಮೇಲೆ ತಾವೇ ರೋಗಿಯ ಜೊತೆ ಮಾತಾಡಿ ತೋರಿಸುತ್ತಾರೆ. ಮೂರನೇ ಹಂತದಲ್ಲಿ ನಿಮ್ಮ ಕೈಲಿ ಮಾಡಿಸಿ, ಪಕ್ಕದಲ್ಲಿ ನಿಂತು ತಿದ್ದುತ್ತಾರೆ. ಕೊನೆಗೆ ನಿಮ್ಮ ಪಾಡಿಗೆ ಬಿಟ್ಟು, ಕರೆದಾಗ ಮಾತ್ರ ಬರುತ್ತಾರೆ. ನಡುನಡುವೆ ಬರಹದಲ್ಲಿ ಮೌಲ್ಯಮಾಪನ ಇರುತ್ತದೆ. ‘ಚೆನ್ನಾಗಿ ಮಾಡಿದೆ’ ಅಂತ ಒಂದು ಸಾಲು ಬರೆದರೆ ಒಪ್ಪುವುದಿಲ್ಲ. ಯಾವ ರೋಗಿ, ಏನು ಕೇಳಿದೆ, ಏನು ಬಿಟ್ಟೆ ಅಂತ ಬರೆಯಬೇಕು. ನಮ್ಮ ಇಂಟರ್ನ್‌ಶಿಪ್‌ನಲ್ಲಿ ಲಾಗ್‌ಬುಕ್ ಇದೆ, ಸಹಿ ಇದೆ. ತಿದ್ದುವವರು ಎಷ್ಟು ಕಡೆ ಇದ್ದಾರೆ, ನೀವೇ ಹೇಳಿ.

ಎರಡು, ಅದೇ ರೋಗಿ ಮುಂದಿನ ತಿಂಗಳು ಮತ್ತೆ ನಿಮ್ಮ ಹತ್ತಿರವೇ ಬರುತ್ತಾರೆ. ವಾರ್ಡಿನಲ್ಲಿ ಕೇಸ್ ಬರೆದುಕೊಳ್ಳುತ್ತೀರಿ, ರೋಗಿ ಡಿಸ್ಚಾರ್ಜ್ ಆಗುತ್ತಾರೆ, ಮುಗಿಯಿತು. ಮನೆಗೆ ಹೋದ ಮೇಲೆ ಆ ಗುಳಿಗೆ ಏನಾಯಿತು ಅಂತ ನಿಮಗೆ ತಿಳಿಯುವುದೇ ಇಲ್ಲ. ಕಮ್ಯುನಿಟಿ ಫಾರ್ಮಸಿಯಲ್ಲಿ ತಿಳಿಯುತ್ತದೆ. ಸ್ಪೆಷಾಲಿಟಿ ಔಷಧದಲ್ಲಿ ರಿಫಿಲ್‌ಗೆ ಮುಂಚೆ ಫೋನ್ ಮಾಡುವುದು ನಿಯಮದಂತೆಯೇ ನಡೆಯುತ್ತದೆ: ಎಷ್ಟು ಗುಳಿಗೆ ಉಳಿದಿವೆ, ಯಾವ ಡೋಸ್ ತಪ್ಪಿತು, ಹೊಸದಾಗಿ ಬೇರೆ ಔಷಧ ಶುರುವಾಯಿತಾ, ರಕ್ತ ಪರೀಕ್ಷೆ ಆಯಿತಾ. ಗುಳಿಗೆ ಕೊಟ್ಟ ಮೇಲೂ ಅದರ ಹೊಣೆ ನಿಮ್ಮದೇ ಅನ್ನುವ ಅಭ್ಯಾಸ ಆ ಒಂದು ವರ್ಷದಲ್ಲಿ ಮೈಗೆ ಹತ್ತುತ್ತದೆ.

ಇದಕ್ಕೆ ನಮ್ಮ ಕಡೆಯ ಒಂದು ಘಟನೆ ಹೇಳುತ್ತೇನೆ. ಶಿಗ್ಗಾವಿ ಕಡೆಯ ಒಬ್ಬ ಅಮ್ಮ, ಅರವತ್ತರ ಆಸುಪಾಸು. ಮಗನ ಜೊತೆ ಹುಬ್ಬಳ್ಳಿಗೆ ಬಂದವರು ನಮ್ಮ ಕೌಂಟರಿಗೆ ಬಂದು ಕೇಳಿದ್ದು ಇಷ್ಟೇ: "ಸರ, ಬಾಯಾಗ ಹುಣ್ಣ ಆಗ್ಯಾವ್ರಿ, ರೊಟ್ಟಿ ತಿನ್ನಾಕ ಆಗವಲ್ದು. ಒಂದ್ ಬಿ ಕಾಂಪ್ಲೆಕ್ಸ್ ಕೊಡ್ರಿ." ಯಾವ ಅಂಗಡಿಯಲ್ಲಾದರೂ ಒಂದು ಸ್ಟ್ರಿಪ್ ಹರಿದು ಕೊಟ್ಟು ಕಳಿಸುತ್ತಾರೆ. ಕೌಂಟರಿನಲ್ಲಿದ್ದ ಹುಡುಗಿ ಕೊಡಲಿಲ್ಲ. "ಅಮ್ಮಾ, ಬ್ಯಾರೆ ಯಾವ ಗುಳಿಗಿ ತೊಗೋತೀರಿ?" ಅಂದಳು. "ಕೀಲುನೋವಿಂದು ರೀ, ಹಳದಿ ಸಣ್ಣ ಗುಳಿಗಿ." ಕೈಚೀಲದಿಂದ ಸ್ಟ್ರಿಪ್ ತೆಗೆದು ಇಟ್ಟರು. ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ವಾರಕ್ಕೆ ಒಂದೇ ದಿನ ತಗೊಳ್ಳುವ ಔಷಧ. ಅವರು ಒಂಬತ್ತು ದಿನದಿಂದ ದಿನಾ ತಗೊಂಡಿದ್ದರು. ಜೊತೆಗೆ ಬರೆದಿದ್ದ ಫೋಲಿಕ್ ಆಸಿಡ್ ಗುಳಿಗೆಯನ್ನು ವಾರಕ್ಕೊಮ್ಮೆ. ಎರಡೂ ಸಣ್ಣವು, ಎರಡೂ ಹಳದಿ.

ಡಾಕ್ಟರ ಚೀಟಿಯಲ್ಲಿ ಸರಿಯಾಗಿಯೇ ಬರೆದಿತ್ತು. ಓದಿ ಹೇಳಿದವರು ಯಾರೂ ಇರಲಿಲ್ಲ. ಮೆಥೊಟ್ರೆಕ್ಸೇಟ್ ದಿನಾ ಹೊಟ್ಟೆಗೆ ಹೋದರೆ ಬಾಯಿಹುಣ್ಣು ಮೊದಲ ಗುರುತು. ಒಳಗೆ ಅಸ್ಥಿಮಜ್ಜೆ ಕುಸಿಯುತ್ತಿರುತ್ತದೆ, ಬಿಳಿ ರಕ್ತಕಣ ಇಳಿಯುತ್ತಿರುತ್ತವೆ. ಜೀವ ಹೋದ ಉದಾಹರಣೆಗಳು ಪ್ರಪಂಚದ ಎಲ್ಲ ಕಡೆ ಇವೆ. ಆ ಅಮ್ಮನನ್ನು ಅವತ್ತೇ ಅಡ್ಮಿಟ್ ಮಾಡಿಸಿದರು. ಉಳಿದುಕೊಂಡರು. ಈಗ ಅವರ ಸ್ಟ್ರಿಪ್ ಮೇಲೆ ‘ಸೋಮವಾರ ಮಾತ್ರ’ ಅಂತ ಮಾರ್ಕರಿನಲ್ಲಿ ಬರೆದು ಕೊಡುತ್ತೇವೆ, ಒಂದು ಸಲಕ್ಕೆ ನಾಲ್ಕು ವಾರದ್ದಷ್ಟೇ. ವಾರದ ಯಾವ ದಿನ ಅಂತ ರೋಗಿಯೇ ಆರಿಸಲಿ. ಸಂತೆಯ ದಿನವೋ, ದೇವರ ವಾರವೋ, ಅವರಿಗೆ ನೆನಪಿರುವ ದಿನ ಆಗಬೇಕು.

ಗಮನಿಸಿ, ಇದರಲ್ಲಿ ಲಕ್ಷ ರೂಪಾಯಿಯ ಔಷಧ ಏನೂ ಇಲ್ಲ. ಮೆಥೊಟ್ರೆಕ್ಸೇಟ್ ಬಹಳ ಸೋವಿ. ಆದರೆ ಆ ಹುಡುಗಿ ಮಾಡಿದ್ದು ಸ್ಪೆಷಾಲಿಟಿ ಫಾರ್ಮಸಿಯ ಕೆಲಸವೇ. ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿದಳು. ಆ ಪ್ರಶ್ನೆ ಯಾವಾಗ ಕೇಳಬೇಕು ಅನ್ನುವುದನ್ನು ಪುಸ್ತಕ ಕಲಿಸುವುದಿಲ್ಲ, ಪಕ್ಕದಲ್ಲಿ ನಿಂತವರು ಕಲಿಸುತ್ತಾರೆ.

ನಿಮ್ಮ ಅಪ್ಪನ ಅಂಗಡಿಗೂ ಇಂಥವರು ಬರುತ್ತಿದ್ದಾರೆ, ನನಗೆ ಖಾತ್ರಿ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಕಿಮ್ಸ್‌ಗೆ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗೆ ಗದಗ, ಹಾವೇರಿ ಜಿಲ್ಲೆಗಳಿಂದ ದಿನಾ ಜನ ಬರುತ್ತಾರೆ. ಔಷಧ ಬರೆಯುವುದು ಹುಬ್ಬಳ್ಳಿಯಲ್ಲಿ. ಆದರೆ ತಲೆನೋವು, ಗ್ಯಾಸ್, ಕೆಮ್ಮು ಬಂದಾಗ ಹೋಗುವುದು ಮನೆ ಹತ್ತಿರದ ಮೆಡಿಕಲ್ ಶಾಪಿಗೆ. ಅಪಾಯ ಇರುವುದೇ ಅಲ್ಲಿ. ಶ್ವಾಸಕೋಶದ ಕ್ಯಾನ್ಸರ್‌ಗೆ ಎರ್ಲೋಟಿನಿಬ್ ಅಥವಾ ಜೆಫಿಟಿನಿಬ್ ತಗೊಳ್ಳುವವರು ಬಂದು ಗ್ಯಾಸಿನ ಗುಳಿಗೆ ಕೇಳುತ್ತಾರೆ. ಪ್ಯಾಂಟೊಪ್ರಜೋಲ್ ಕೊಟ್ಟರೆ ಹೊಟ್ಟೆಯ ಆಮ್ಲ ಇಳಿದು ಆ ಕ್ಯಾನ್ಸರ್ ಗುಳಿಗೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ರೋಗಿಗೆ ಹೊಟ್ಟೆ ಹಗುರಾಯಿತು ಅನ್ನುವ ಖುಷಿ, ಒಳಗೆ ಔಷಧ ಅರ್ಧಕ್ಕರ್ಧ ವ್ಯರ್ಥ. ಅಂದಹಾಗೆ ಪ್ಯಾಂಟೊಪ್ರಜೋಲ್ ಶೆಡ್ಯೂಲ್ ಎಚ್ ಔಷಧ, ಚೀಟಿ ಇಲ್ಲದೆ ಕೊಡುವ ಹಾಗೇ ಇಲ್ಲ. ನಮ್ಮಲ್ಲಿ ಪೆಪ್ಪರ್‌ಮಿಂಟಿನ ಹಾಗೆ ಹೋಗುತ್ತದೆ.

ಕಿಡ್ನಿ ಕಸಿ ಆದವರದು ಇನ್ನೂ ನಾಜೂಕು. ಟ್ಯಾಕ್ರೋಲಿಮಸ್ ದಿನಕ್ಕೆರಡು ಸಲದ್ದಾದರೆ 12 ಗಂಟೆ ಅಂತರ, ದಿನಾ ಅದೇ ಹೊತ್ತಿಗೆ. ರಕ್ತದ ಮಟ್ಟ ನೋಡುವ ದಿನ ಬೆಳಗಿನ ಡೋಸ್ ತಗೊಳ್ಳದೆ ರಕ್ತ ಕೊಟ್ಟು ಆಮೇಲೆ ತಗೊಳ್ಳಬೇಕು. ಇಂಥವರಿಗೆ ಕೆಮ್ಮು ಅಂತ ಯಾರೋ ಕ್ಲಾರಿತ್ರೊಮೈಸಿನ್ ಬರೆದರೆ ಟ್ಯಾಕ್ರೋಲಿಮಸ್ ಮಟ್ಟ ಏರಿ ಕಿಡ್ನಿಗೇ ಪೆಟ್ಟು. ಕ್ಷಯಕ್ಕೆ ರಿಫ್ಯಾಂಪಿಸಿನ್ ಶುರುವಾದರೆ ಉಲ್ಟಾ, ಮಟ್ಟ ಇಳಿದು ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸಬಹುದು. ಕೆಪೆಸಿಟಬಿನ್ ಅನ್ನುವ ಕ್ಯಾನ್ಸರ್ ಗುಳಿಗೆ ತಗೊಳ್ಳುವವರ ಅಂಗೈ, ಅಂಗಾಲು ಕೆಂಪಾಗಿ ಸುಲಿಯುತ್ತವೆ. ಹೊಲದ ಕೆಲಸ ಮಾಡುವವರು ಅದನ್ನು ಹೇಳುವುದೇ ಇಲ್ಲ, ಕೆಲಸದಿಂದ ಆಗಿದೆ ಅಂದುಕೊಳ್ಳುತ್ತಾರೆ. ನೀವೇ "ಕೈ ತೋರಸ್ರಿ" ಅನ್ನಬೇಕು. ಊಟ ಆದ ಅರ್ಧ ಗಂಟೆಯೊಳಗೆ ಗುಳಿಗೆ, ಸಾಮಾನ್ಯವಾಗಿ 14 ದಿನ ತಗೊಂಡು 7 ದಿನ ಬಿಡುವುದು. ಆ ಬಿಡುವ ವಾರದಲ್ಲೂ ತಗೊಂಡವರನ್ನು, ತಗೊಳ್ಳುವ ವಾರದಲ್ಲಿ ಬಿಟ್ಟವರನ್ನು ಇಬ್ಬರನ್ನೂ ನೋಡಿದ್ದೇನೆ. ಮೈಲೊಮಾ ಅನ್ನುವ ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಲೆನಲಿಡೊಮೈಡ್ ಇದೆ, ಹೊಟ್ಟೆಯಲ್ಲಿರುವ ಮಗುವಿಗೆ ತೀರಾ ಅಪಾಯ. ಅಮೆರಿಕದಲ್ಲಿ ಇದಕ್ಕೆ ಪ್ರತಿ ಸಲ ಅನುಮತಿ ಸಂಖ್ಯೆ ತಗೊಂಡೇ ಕೊಡಬೇಕು, 28 ದಿನಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ. ಇಲ್ಲಿ ಆ ಎಚ್ಚರಿಕೆ ಹೇಳುವ ಕೆಲಸ ಕೌಂಟರಿನಲ್ಲಿ ನಿಂತವರ ಮೇಲೇ ಬೀಳುತ್ತದೆ.

ಫ್ರಿಜ್ ಬಗ್ಗೆ ಒಂದು ಮಾತು. ಇದು ನಿಮ್ಮ ಅಪ್ಪನಿಗೇ. ಅಡಾಲಿಮುಮ್ಯಾಬ್ ತರಹದ ಬಯೊಲಾಜಿಕ್ ಇಂಜೆಕ್ಷನ್, ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಾಗಿಲಿನ ಖಾನೆಯಲ್ಲಿ ಇಡಬಾರದು, ಫ್ರೀಜರಿನ ಗೋಡೆಗೆ ತಾಗಿಸಿ ಇಡಬಾರದು, ಒಳಗೆ ಒಂದು ಥರ್ಮಾಮೀಟರ್ ಇದ್ದು ದಿನಕ್ಕೆರಡು ಸಲ ಬರೆದಿಡಬೇಕು. ಕರೆಂಟ್ ಹೋದರೆ ಬಾಗಿಲು ತೆಗೆಯಬಾರದು. ಏಪ್ರಿಲ್ ಬಿಸಿಲಿನಲ್ಲಿ ಹುಬ್ಬಳ್ಳಿಯಿಂದ ಗದಗಿಗೆ ಬಸ್ಸಿನಲ್ಲಿ ಹೋಗುವವರು ಇಂಜೆಕ್ಷನ್ನನ್ನು ಥರ್ಮಾಸ್‌ನಲ್ಲಿ ನೇರ ಐಸಿನ ಮೇಲೆ ಇಟ್ಟು ಒಯ್ಯುತ್ತಾರೆ. ಕಾಳಜಿ ಜಾಸ್ತಿಯಾಗಿಯೇ ಹಾಳಾಗುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದು ಕೆಲಸಕ್ಕೆ ಬಾರದು, ನೋಡಿದರೆ ಗೊತ್ತೂ ಆಗುವುದಿಲ್ಲ. ಜೆಲ್ ಪ್ಯಾಕಿಗೆ ಬಟ್ಟೆ ಸುತ್ತಿ, ನಡುವೆ ದಪ್ಪ ಹಾಳೆ ಇಟ್ಟು ಕೊಡಿ.

ಈಗ ನಿಮಗೆ ಸೀಟು ಸಿಗುತ್ತಾ ಅನ್ನುವುದು. ಬಾಗಿಲು ಮುಚ್ಚಿಲ್ಲ, ಆದರೆ ಮೆಟ್ಟಿಲು ಬಹಳ. ಮಾನ್ಯತೆ ಇರುವ ರೆಸಿಡೆನ್ಸಿಗೆ ಅರ್ಜಿ ಹಾಕಲು ಅಮೆರಿಕದ ಮಾನ್ಯತೆ ಪಡೆದ ಫಾರ್ಮ್.ಡಿ ಇರಬೇಕು, ಇಲ್ಲದಿದ್ದರೆ ಎನ್‌ಎಬಿಪಿ ಅನ್ನುವ ಸಂಸ್ಥೆ ಹೊರದೇಶದಲ್ಲಿ ಫಾರ್ಮಸಿ ಓದಿದವರಿಗೆ ಕೊಡುವ ಎಫ್‌ಪಿಜಿಇಸಿ ಸರ್ಟಿಫಿಕೇಟ್ ಇರಬೇಕು. ನಿಮಗೆ ಇರುವುದು ಎರಡನೇ ದಾರಿ. 2003ರ ಜನವರಿ 1ರಿಂದ ಈಚೆಗೆ ಡಿಗ್ರಿ ಪಡೆದವರಿಗೆ ಕನಿಷ್ಠ ಐದು ವರ್ಷದ ಫಾರ್ಮಸಿ ಓದು ಬೇಕು ಅನ್ನುತ್ತದೆ ಆ ಸಂಸ್ಥೆ. ನಾಲ್ಕು ವರ್ಷದ ಬಿ.ಫಾರ್ಮ್ ಮಾಡಿದವರು ಇಲ್ಲೇ ಸೋಸಿಹೋಗುತ್ತಾರೆ. ನಿಮ್ಮದು ಆರು ವರ್ಷ, ಅಡ್ಡಿಯಿಲ್ಲ. ಆದರೆ ಇಲ್ಲಿ ಫಾರ್ಮಸಿಸ್ಟ್ ಆಗಿ ನೋಂದಣಿ ಆಗಿರಬೇಕು, ಅಂದರೆ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ. ಆಮೇಲೆ ಡಿಗ್ರಿ ಮೌಲ್ಯಮಾಪನ, ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆ, ಎಫ್‌ಪಿಜಿಇಇ ಅನ್ನುವ ಫಾರ್ಮಸಿ ಪರೀಕ್ಷೆ. ಟೋಫೆಲ್‌ನಲ್ಲಿ ಮಾತಾಡುವ ಭಾಗಕ್ಕೆ ಎತ್ತರದ ಅಂಕ ಕೇಳುತ್ತಾರೆ, ನಮ್ಮ ಹುಡುಗರು ಮುಗ್ಗರಿಸುವುದು ಅಲ್ಲೇ. ಅಂಕ ಎಷ್ಟು ಅನ್ನುವುದನ್ನು ಅವರ ವೆಬ್‌ಸೈಟಿನಲ್ಲೇ ನೋಡಿ, ಕೋಚಿಂಗ್ ಸೆಂಟರಿನವರ ಮಾತು ನಂಬಬೇಡಿ.

ಅಷ್ಟಾದರೂ ಅದು ಲೈಸೆನ್ಸ್ ಅಲ್ಲ. ಲೈಸೆನ್ಸಿಗೆ ನ್ಯಾಪ್‌ಲೆಕ್ಸ್ ಅನ್ನುವ ಪರೀಕ್ಷೆ, ಬಹಳ ರಾಜ್ಯಗಳಲ್ಲಿ ಕಾನೂನಿನ ಇನ್ನೊಂದು ಪರೀಕ್ಷೆ, ಅಲ್ಲಿನ ಇಂಟರ್ನ್ ಗಂಟೆಗಳು. ರೆಸಿಡೆನ್ಸಿಗೆ ಅರ್ಜಿ ಹಾಕುವುದು ಒಂದೇ ಪೋರ್ಟಲ್ಲಿನಲ್ಲಿ, ಚಳಿಗಾಲದಲ್ಲಿ. ಜನವರಿ, ಫೆಬ್ರವರಿಯಲ್ಲಿ ಇಂಟರ್ವ್ಯೂ. ಮಾರ್ಚಿನಲ್ಲಿ ಮ್ಯಾಚ್ ಅಂತ ಮಾಡುತ್ತಾರೆ. ನಿಮ್ಮ ಆಯ್ಕೆಯ ಪಟ್ಟಿ, ಅವರ ಆಯ್ಕೆಯ ಪಟ್ಟಿ ಎರಡನ್ನೂ ಕಂಪ್ಯೂಟರ್ ಹೊಂದಿಸುತ್ತದೆ. ಜೂನ್ ಕೊನೆ, ಜುಲೈ ಹೊತ್ತಿಗೆ ಶುರು. ವೀಸಾ ಕೊಡಿಸಲು ಒಪ್ಪದ ಪ್ರೋಗ್ರಾಂಗಳು ಬಹಳ. ಅರ್ಜಿಗೆ ದುಡ್ಡು ಕಟ್ಟುವ ಮುಂಚೆ ಮೇಲ್ ಮಾಡಿ ಅದೊಂದನ್ನು ಕೇಳಿಕೊಳ್ಳಿ. ಅಲ್ಲಿನವರ ಶಿಫಾರಸು ಪತ್ರ ಇಲ್ಲದೆ ಇಂಟರ್ವ್ಯೂಗೆ ಕರೆ ಬರುವುದೂ ಕಷ್ಟ.

ಇದೆಲ್ಲ ಸೇರಿ ಮೂರು ನಾಲ್ಕು ವರ್ಷ ಹಿಡಿಯಬಹುದು. ಹಾಗಾಗಿ ನನ್ನ ಸಲಹೆ ಹೀಗೆ: ಅಮೆರಿಕದಲ್ಲೇ ನೆಲೆಸುವ ಮನಸ್ಸಿದ್ದರೆ, ಮದುವೆಯಾಗಿಯೋ ಅಣ್ಣ ಅಕ್ಕ ಇದ್ದಾರೆ ಅಂತಲೋ ಹೇಗೂ ಹೋಗುವವರಿದ್ದರೆ, ಈ ದಾರಿ ಹಿಡಿಯಿರಿ. ರೆಸಿಡೆನ್ಸಿ ಒಂದಕ್ಕಾಗಿ, ಮುಗಿಸಿ ಬೆಟಗೇರಿಗೆ ವಾಪಸ್ ಬರುವುದಕ್ಕಾಗಿ ಹೋಗಬೇಡಿ. ಅದಕ್ಕಾಗಿ ಹೊಲ ಮಾರುವುದಂತೂ ಬೇಡವೇ ಬೇಡ.

ಇಲ್ಲೇ ಇರುವುದಾದರೆ? ರೆಸಿಡೆನ್ಸಿ ಇಲ್ಲ ಅಂದೆ. ಅದರ ಬಂಗಾರದ ಎರಡು ಪಾಲಿನಲ್ಲಿ ಒಂದು ನಿಮ್ಮ ಮನೆಯಲ್ಲೇ ಇದೆ. ಮತ್ತೆ ಮತ್ತೆ ಬರುವ ಅದೇ ರೋಗಿಗಳು ಅಪ್ಪನ ಅಂಗಡಿಯಲ್ಲಿದ್ದಾರೆ. ಇಲ್ಲದ್ದು ತಿದ್ದುವ ಗುರು. ಅವರನ್ನು ಹುಡುಕುವುದೇ ನಿಮ್ಮ ಮೊದಲ ಕೆಲಸ. ಇಂಟರ್ನ್‌ಶಿಪ್ ಮುಗಿದ ಕೂಡಲೇ ಅಂಗಡಿಗೆ ಹೋಗಿ ಕೂರಬೇಡಿ. ಒಂದೆರಡು ವರ್ಷ ಕ್ಯಾನ್ಸರ್ ಅಥವಾ ಕಿಡ್ನಿ ವಿಭಾಗ ಗಟ್ಟಿಯಾಗಿರುವ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿ ಸೇರಿ. ಸಂಬಳ ಕಡಿಮೆ, ಬೇಜಾರಾಗುತ್ತದೆ, ಗೊತ್ತು. ಸೇರುವಾಗ ಕೇಳಬೇಕಾದ ಪ್ರಶ್ನೆ ಒಂದೇ: ನನಗಿಂತ ಸೀನಿಯರ್ ಕ್ಲಿನಿಕಲ್ ಫಾರ್ಮಸಿಸ್ಟ್ ಇದ್ದಾರಾ, ಅವರ ಜೊತೆ ರೌಂಡ್ಸ್ ಇದೆಯಾ? ಇಲ್ಲ ಅಂದರೆ ಬಿಡಿ. ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ತಪಾಸಣೆಗೆ ಫೈಲು ತುಂಬಿಸಲು ಮಾತ್ರ ಕ್ಲಿನಿಕಲ್ ಫಾರ್ಮಸಿಸ್ಟ್ ಇಟ್ಟುಕೊಳ್ಳುವ ಕಡೆಗಳಿವೆ.

ಶನಿವಾರ ಭಾನುವಾರ ಊರಿಗೆ ಹೋದಾಗ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಶುರು ಮಾಡಿ. ಎಲ್ಲರದೂ ಬೇಡ. ಮೆಥೊಟ್ರೆಕ್ಸೇಟ್, ಕ್ಯಾನ್ಸರ್ ಗುಳಿಗೆ, ಕಸಿ ಔಷಧ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಇನ್ಸುಲಿನ್ ತಗೊಳ್ಳುವವರದು ಮಾತ್ರ. ಹೆಸರು, ಫೋನು, ಯಾವ ಡಾಕ್ಟರು, ಎಷ್ಟು ದಿನದ ಔಷಧ ಕೊಟ್ಟಿರಿ, ಮುಂದೆ ಯಾವಾಗ ಬರಬೇಕು. ಬರಲಿಲ್ಲ ಅಂದರೆ ಫೋನ್ ಮಾಡಿ. ಮೂರು ತಿಂಗಳಾದ ಮೇಲೆ ಲೆಕ್ಕ ಹಾಕಿ: 90 ದಿನದಲ್ಲಿ 75 ದಿನದ ಔಷಧ ಕೈಯಲ್ಲಿತ್ತು ಅಂದರೆ ಶೇಕಡಾ 83. 80ಕ್ಕಿಂತ ಕೆಳಗೆ ಇಳಿದವರ ಜೊತೆ ಕೂತು ಮಾತಾಡಿ. ದುಡ್ಡಿಲ್ಲವಾ, ವಾಂತಿಯಾಗುತ್ತಾ, ಮಗ ಬೆಂಗಳೂರಿಗೆ ಹೋದ ಮೇಲೆ ತಂದುಕೊಡುವವರಿಲ್ಲವಾ? ಅಮೆರಿಕದ ರೆಸಿಡೆಂಟ್ ವರ್ಷಪೂರ್ತಿ ಮಾಡುವ ಪ್ರಾಜೆಕ್ಟ್ ಹೆಚ್ಚಾಗಿ ಇಂಥದ್ದೇ. ಇನ್ಶೂರೆನ್ಸಿನ ಬದಲು ಇಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾಗದ, ಕಂಪನಿಗಳು ನಡೆಸುವ ರೋಗಿ ನೆರವಿನ ಸ್ಕೀಮುಗಳ ಫಾರ್ಮು. ಅವನ್ನು ತುಂಬಿಕೊಡಲು ಕಲಿತರೆ ಜನ ನಿಮ್ಮ ಅಂಗಡಿ ಬಿಟ್ಟು ಹೋಗುವುದಿಲ್ಲ. ಅಪ್ಪನಿಗೆ ಇದನ್ನು ಮೊದಲು ಹೇಳಿ.

ಅಡ್ಡಪರಿಣಾಮ ಕಂಡರೆ ಬರೆದು ಕಳಿಸುವ ಅಭ್ಯಾಸವನ್ನೂ ಈಗಲೇ ಮಾಡಿಕೊಳ್ಳಿ. ಭಾರತದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮ 2010ರಿಂದ ಇದೆ. ರೋಗಿಯ ಇನಿಷಿಯಲ್, ವಯಸ್ಸು, ಯಾವ ಔಷಧ, ಏನಾಯಿತು, ಯಾವತ್ತು ಶುರುವಾಯಿತು, ಬರೆದವರು ಯಾರು ಅನ್ನುವಷ್ಟಿದ್ದರೆ ವರದಿ ಒಪ್ಪಿಕೊಳ್ಳುತ್ತಾರೆ. ಡಾಕ್ಟರೇ ಬರೆಯಬೇಕು ಅಂತೇನಿಲ್ಲ, ಸಹಾಯವಾಣಿ 1800-180-3024ಕ್ಕೆ ಫೋನೂ ಮಾಡಬಹುದು. ಆದರೆ ಗಡಿ ಮೀರಬೇಡಿ. ಶೆಡ್ಯೂಲ್ ಎಚ್ ಚೀಟಿಯಲ್ಲಿ ಬರೆದ ಬ್ರ್ಯಾಂಡ್ ಬದಲಿಸಿ, ಒಳಗಿನ ಔಷಧ ಅದೇ ಆದರೂ, ಬೇರೆಯದನ್ನು ಕೊಡಲು ಔಷಧ ನಿಯಮಾವಳಿಯ ನಿಯಮ 65 ಬಿಡುವುದಿಲ್ಲ. ಡೋಸ್ ತಪ್ಪು ಅನಿಸಿದರೆ ರೋಗಿಯ ಎದುರು ಡಾಕ್ಟರನ್ನು ದೂರಬೇಡಿ, ಫೋನ್ ಮಾಡಿ. "ಸರ್, ಒಂದು ಸಂಶಯ ಇತ್ತು" ಅಂತ ಶುರು ಮಾಡಿದರೆ ಬಹಳ ಜನ ಕೇಳಿಸಿಕೊಳ್ಳುತ್ತಾರೆ. ಒಂದಿಬ್ಬರು ಬೈಯುತ್ತಾರೆ, ಬೈಸಿಕೊಳ್ಳಿ. ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟರ ಕರ್ತವ್ಯ ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮದಲ್ಲೇ ಬರೆದಿದೆ. ಡೋಸ್ ತಪ್ಪಿದರೆ ಏನು ಮಾಡಬೇಕು ಅನ್ನುವುದೂ ಆ ಪಟ್ಟಿಯಲ್ಲಿದೆ. ಯಾರಾದರೂ "ನಿಮಗ್ಯಾಕೆ ಉಸಾಬರಿ" ಅಂದರೆ ಅದನ್ನು ತೋರಿಸಿ.

ನೋಂದಣಿ ಆದ ಕೂಡಲೇ ನಿಮಗೆ ಇನ್ನೊಂದು ಮಾತು ಬರುತ್ತದೆ: "ಸರ್ಟಿಫಿಕೇಟ್ ಕೊಡ್ರಿ, ಅಂಗಡ್ಯಾಗ ಹಾಕ್ತೀವಿ, ತಿಂಗಳಾ ಇಷ್ಟ್ ಕೊಡ್ತೀವಿ." ನೀವು ಇಲ್ಲದ ಅಂಗಡಿಯಲ್ಲಿ ನಿಮ್ಮ ಹೆಸರಿನಲ್ಲಿ ಔಷಧ ಹೋಗುತ್ತದೆ. ಆ ಮೆಥೊಟ್ರೆಕ್ಸೇಟ್ ಅಮ್ಮನಂಥವರಿಗೆ ಏನಾದರೂ ಆದರೆ ಹೊಣೆ ನಿಮ್ಮ ಹೆಸರಿಗೇ. ಕಾನೂನಿಗೂ ವಿರುದ್ಧ. ನೆಂಟರೇ ಕೇಳಿದರೂ ಒಪ್ಪಬೇಡಿ.

ಮುಂದೆ ಸರ್ಟಿಫಿಕೇಟ್ ಬೇಕೇ ಬೇಕು ಅನಿಸಿದರೆ ಅಮೆರಿಕದ ಬೋರ್ಡ್ ಆಫ್ ಫಾರ್ಮಸಿ ಸ್ಪೆಷಾಲಿಟೀಸ್‌ನ ಬಿಸಿಪಿಎಸ್ ಪರೀಕ್ಷೆ ಇದೆ. ರೆಸಿಡೆನ್ಸಿ ಮಾಡದವರೂ ಮೂರು ವರ್ಷದ ಕ್ಲಿನಿಕಲ್ ಅನುಭವದ ಮೇಲೆ ಬರೆಯಬಹುದು. ಗಲ್ಫ್ ಕಡೆಯ ಆಸ್ಪತ್ರೆಗಳಲ್ಲೂ ಅದಕ್ಕೆ ಬೆಲೆ ಇದೆ. ಫೀಸು ಡಾಲರಿನಲ್ಲಿ, ಹಾಗಾಗಿ ಓದಿ ಗಟ್ಟಿಯಾದ ಮೇಲೆ ಕಟ್ಟಿ.

ಅಮೆರಿಕವೋ ಬೆಟಗೇರಿಯೋ ಇನ್ನೂ ತೀರ್ಮಾನ ಆಗದಿದ್ದರೂ, ಕಾಲೇಜು ಬಿಡುವ ಮುಂಚೆ ಒಂದು ಕೆಲಸ ಮುಗಿಸಿಕೊಳ್ಳಿ. ಆರೂ ವರ್ಷದ ಟ್ರಾನ್ಸ್‌ಕ್ರಿಪ್ಟ್, ಪೂರ್ತಿ ಸಿಲಬಸ್, ಇಂಟರ್ನ್‌ಶಿಪ್ಪಿನ ವಿಭಾಗವಾರು ದಿನಾಂಕ ಇರುವ ಪತ್ರ, ಎಲ್ಲಕ್ಕೂ ಪ್ರಿನ್ಸಿಪಾಲರ ಸಹಿ, ಸೀಲು ಹಾಕಿಸಿ ಎರಡೆರಡು ಪ್ರತಿ ತೆಗೆದಿಡಿ. ಐದು ವರ್ಷ ಬಿಟ್ಟು ಹೋಗಿ ಕೇಳಿದರೆ ಆಗಿನ ಕ್ಲರ್ಕ್ ಬದಲಾಗಿರುತ್ತಾರೆ, ಫೈಲು ಸಿಗುವುದಿಲ್ಲ.